ಅಮ್ಮಾ ಕೋಲ್ಡ್

ಕೊರೊನಾದ ನಿರ್ಬಂಧಗಳೆಲ್ಲ ತೆರವಾದ ಮೇಲಿನ ಎರಡನೆಯ ಚಳಿಗಾಲ. ಸಿಡ್ನಿಯ ಪಶ್ಚಿಮ ಭಾಗದಲ್ಲಿ ಸ್ಪೀಕರ್‌ಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿಯ ಲಿಸನಿಂಗ್ ಟೆಸ್ಟ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೆ. ವಿಭಾಗ ಎಂದರೆ ನಾವು ಇಬ್ಬರು: ನಾನು ಮತ್ತು ನನಗಿಂತ ಇಪ್ಪತ್ತು ವರ್ಷ ಹಿರಿಯನಾದ ಡೇವಿಡ್. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಸಿಡ್ನಿಯಲ್ಲಿ ಅಕೂಸ್ಟಿಕ್ಸ್ ಸ್ನಾತಕೋತ್ತರ ಪದವಿ ಮುಗಿಸಿದ ನನಗೆ ಇದು ಮೊದಲ ಕಾಯಂ ಕೆಲಸ. ಹ್ಯಾರಿಸ್ ಪಾರ್ಕಿನ ಬಾಡಿಗೆ ಕೋಣೆಯಿಂದ ಕಚೇರಿಗೆ ರೈಲಿನಲ್ಲಿ ಹೋಗಿಬರುತ್ತಿದ್ದೆ.

ಜನರು ಧ್ವನಿಯ ಬಗ್ಗೆ ಆಡುವ ಪದಗಳನ್ನು ಅಂಕಿಗಳಿಗೆ ಇಳಿಸುವುದು ನನ್ನ ಕೆಲಸವಾಗಿತ್ತು. ಸ್ಪೀಕರ್ ಕೊಂಡವರು ‘ಇನ್ನೂರೈವತ್ತು ಹರ್ಟ್ಜ್ ಆಸುಪಾಸಿನಲ್ಲಿ ಎರಡು ಡೆಸಿಬೆಲ್ ಕಡಿಮೆಯಿದೆ’ ಎಂದು ದೂರು ಕೊಡುವುದಿಲ್ಲ. ‘ಧ್ವನಿ ತೆಳ್ಳಗಿದೆ’ ಎನ್ನುತ್ತಾರೆ. ‘ಡಬ್ಬದೊಳಗಿಂದ ಬಂದ ಹಾಗಿದೆ’ ಎಂದರೆ ಅದು ನಮ್ಮ ಭಾಷೆಯಲ್ಲಿ ಬಾಕ್ಸಿ. ಮುನ್ನೂರರಿಂದ ಆರುನೂರು ಹರ್ಟ್ಜ್ ನಡುವೆ ಎಲ್ಲೋ ಉಬ್ಬಿದೆ ಎಂದರ್ಥ. ‘ಸ’ಕಾರ ಕಿವಿಗೆ ಚುಚ್ಚಿದರೆ ಸಿಬಿಲೆಂಟ್; ಐದು ಸಾವಿರದ ಮೇಲೆ ನೋಡಬೇಕು. ವಾರ್ಮ್ ಎಂದರೆ ನೂರರಿಂದ ಮುನ್ನೂರರವರೆಗೆ ತುಸು ಧಾರಾಳ. ಅದೇ ಭಾಗ ಸೊರಗಿದ್ದರೆ ಕೋಲ್ಡ್. ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅಷ್ಟೇ. ಅಂಕಿ ಚಿಕ್ಕದಾದಷ್ಟೂ ಸ್ವರ ತಗ್ಗಿನದು. ಡೆಸಿಬೆಲ್ ಸದ್ದಿನ ಜೋರಿನ ಅಳತೆ. ಇಂಥ ಪದಗಳ ಪಟ್ಟಿಯೊಂದು ನನ್ನ ಬಳಿ ಇತ್ತು. ಒಂದೊಂದು ಪದದ ಎದುರಿಗೂ ಒಂದೊಂದು ಅಂಕಿ. ಆ ಪಟ್ಟಿಯ ಬಗ್ಗೆ ನನಗೆ ಹೊರಗೆ ಹೇಳಿಕೊಳ್ಳದ ಒಂದು ಹೆಮ್ಮೆಯೂ ಇತ್ತು.

ಜೂನ್ ತಿಂಗಳಲ್ಲಿ ಮೆಲ್ಬರ್ನಿನ ವಿಂಡಮ್ ವೇಲ್‌ನಿಂದ ಒಂದು ಇಮೇಲ್ ಬಂತು. ಬರೆದವರ ಹೆಸರು ಪ್ರಮೋದ್. ನಮ್ಮ ಜೋಡಿ ಸ್ಪೀಕರನ್ನು ಆರು ವಾರದ ಹಿಂದೆ ಕೊಂಡಿದ್ದರು. ಹಾಡಿಗೆ ಏನೂ ತೊಂದರೆಯಿಲ್ಲ. ಒಬ್ಬ ಮಹಿಳೆಯ ಮಾತಿನ ರೆಕಾರ್ಡಿಂಗ್ ಹಾಕಿದಾಗ ಮಾತ್ರ, ಅದೂ ಕೆಲವು ದಿನ ಮಾತ್ರ, ಧ್ವನಿ ಕೋಲ್ಡ್ ಆಗುತ್ತದೆ. ತನ್ನ ಮಗಳು ಆ ಕೋಣೆಗೆ ಬರಲು ಹೆದರುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಕೆಳಗೆ ಧಾರವಾಡದ ಒಂದು ಕಾಲೇಜಿನ ಹೆಸರಿದ್ದ ಸಿವಿಲ್ ಎಂಜಿನಿಯರಿಂಗ್ ಪದವಿ.

ಡೇವಿಡ್ ಅದನ್ನು ನನ್ನ ಮೇಜಿಗೆ ತಂದ. “ನಿಮ್ಮೂರಿನವರು, ನೀನೇ ಮಾತಾಡು” ಎಂದ.

“ಮೈಸೂರಿಗೂ ಧಾರವಾಡಕ್ಕೂ ನಾನೂರು ಕಿಲೋಮೀಟರ್ ಮೇಲಿದೆ” ಎಂದೆ.

“ಈ ದೇಶದಲ್ಲಿ ಅದನ್ನ ಪಕ್ಕದ ಮನೆ ಅಂತಾರೆ” ಎಂದು ಹೋದ.

ಫೋನ್ ಮಾಡಿದೆ. ಕನ್ನಡದಲ್ಲಿ ಮಾತು ಶುರು ಮಾಡಿದ ಕೂಡಲೇ ಪ್ರಮೋದ್ ಅವರ ದನಿ ಸಡಿಲವಾಯಿತು. “ಅಯ್ಯ, ಕನ್ನಡದವ್ರ ಸಿಕ್ಕ್ರಲ್ಲ! ನಾ ಆ ಮೇಲ್ ಬರೀಲಿಕ್ಕೆ ಎರಡ ದಿವ್ಸ ತಗೊಂಡೇನ್ರಿ” ಎಂದರು.

“ಹೇಳಿ ಸರ್, ಕೋಲ್ಡ್ ಅಂದ್ರೆ ನಿಮ್ಗೆ ಹೇಗೆ ಕೇಳಿಸ್ತಿದೆ?”

“ನನಗ ಏನೂ ಫರಕ್ ಗೊತ್ತಾಗೂದಿಲ್ರಿ ಮೇಡಂ. ಎಲ್ಲಾ ಛಲೋನ ಅನಸ್ತದ. ಹೇಳಾಕಿ ನನ್ನ ಮಗಳು.”

“ಮಗಳು ಸರಿಯಾಗಿ ಯಾವ ಮಾತು ಹೇಳಿದ್ಲು?”

“‘ಅಮ್ಮಾ ಕೋಲ್ಡ್’ ಅಂದ್ಲರಿ. ಅಷ್ಟ.”

ಎರಡೇ ಪದ, ಕ್ರಿಯಾಪದವಿಲ್ಲ. ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಆಮೇಲೆ ಅವರು ಬಿಡಿಸಿ ಹೇಳಿದರು. ಅವರ ಹೆಂಡತಿ ಶೈಲಾ ಹಿಂದಿನ ನವೆಂಬರಿನಲ್ಲಿ ತೀರಿಕೊಂಡಿದ್ದರು. ಕ್ಯಾನ್ಸರ್. ಹೋಗುವ ಮೊದಲಿನ ಮೂರು ತಿಂಗಳಲ್ಲಿ, ಮನೆಯಲ್ಲಿ ಯಾರೂ ಇಲ್ಲದಾಗ, ಏಳು ವರ್ಷದ ಮಗಳು ಮಾನ್ಯಾಳಿಗಾಗಿ ಫೋನಿನಲ್ಲಿ ಹದಿನಾಲ್ಕು ರೆಕಾರ್ಡಿಂಗ್ ಮಾಡಿಟ್ಟಿದ್ದರು. ಒಂದೊಂದೂ ಆರೇಳು ನಿಮಿಷ. ಮಗಳು ಶಾಲೆಯಿಂದ ಬಂದು, ಏನಾದರೂ ತಿಂದು, ನಾಲ್ಕು ಗಂಟೆಗೆ ಅಮ್ಮನ ಎದುರು ಕುಳಿತು ಆ ದಿನದ ಸುದ್ದಿ ಹೇಳುವುದು ಆ ಮನೆಯ ರೂಢಿ. ಆ ಹೊತ್ತಿಗೆಂದೇ ಮಾಡಿದ ರೆಕಾರ್ಡಿಂಗುಗಳು ಅವು. ಅಪ್ಪ ದಿನಕ್ಕೊಂದರಂತೆ ಸರದಿಯಲ್ಲಿ ಹಾಕುತ್ತಿದ್ದರು. ಐದು ತಿಂಗಳು ಫೋನಿನಲ್ಲೇ ಕೇಳಿದರು. ಆಗ ಏನೂ ತೊಂದರೆ ಇರಲಿಲ್ಲ. ಅಷ್ಟು ಸಣ್ಣ ಫೋನಿನಲ್ಲಿ ಅಮ್ಮನ ದನಿ ಇರುವೆಯಷ್ಟಾಗಿ ಕೇಳುತ್ತದಲ್ಲ ಎಂದು ಮಗಳ ಹುಟ್ಟುಹಬ್ಬಕ್ಕೆ ನಮ್ಮ ಸ್ಪೀಕರ್ ತಂದರು. ಹೆದರಿಕೆ ಶುರುವಾದದ್ದು ಅಲ್ಲಿಂದ.

“ರಿಪೇರಿ ಆಗ್ತದೇನ್ರಿ?” ಎಂದು ಕೇಳಿದರು. “ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ. ಈ ತಿಂಗಳ ಕಡೀ ರವಿವಾರ ಎಲ್ಲಾ ಅಳಿಸಿಬಿಡಾಂವ ಇದ್ದೇನಿ. ನಮ್ಮತ್ತಿ ಊರಿಂದ ದಿನಾ ಫೋನ್ ಮಾಡಿ ಹೇಳ್ತಾಳ, ಆ ದನಿ ಮನ್ಯಾಗ ಇಟ್ಕೋಬ್ಯಾಡ ಅಂತ. ಹುಡುಗಿ ಹೆದರೂದ ನೋಡಿದ್ರ ನನಗೂ ಹಂಗ ಅನಸ್ಲಿಕತ್ತದ.”

ಫೋನ್ ಇಟ್ಟ ಮೇಲೆ ಕ್ಯಾಲೆಂಡರ್ ನೋಡಿದೆ. ಕಡೆಯ ಭಾನುವಾರಕ್ಕೆ ಹದಿನೇಳು ದಿನವಿತ್ತು.

ಮಗಳು ಕೋಲ್ಡ್ ಎಂದ ರೆಕಾರ್ಡಿಂಗುಗಳಲ್ಲಿ ಒಂದನ್ನು ಕಳಿಸಿಕೊಡಲು ಕೇಳಿದ್ದೆ. ಅವರು ಒಂಬತ್ತನೆಯದನ್ನು ಕಳಿಸಿದರು. ಕೆಲಸ ಮುಗಿದ ಮೇಲೆ ನನ್ನಲ್ಲಿರುವ ಪ್ರತಿಯನ್ನು ಅಳಿಸುತ್ತೇನೆಂದು ಮಾತು ಕೊಟ್ಟೆ.

ನಮ್ಮ ಕೇಳುವ ಕೋಣೆಗೆ ಕಿಟಕಿಗಳಿಲ್ಲ. ಗೋಡೆಗಳು ಸದ್ದನ್ನು ಹೀರಿಕೊಳ್ಳುತ್ತವೆ. ಒಳಗೆ ಹೋಗಿ ಬಾಗಿಲು ಹಾಕಿದರೆ ನಮ್ಮ ಉಸಿರು ನಮಗೇ ಜೋರಾಗಿ ಕೇಳುತ್ತದೆ. ಅದೇ ಮಾದರಿಯ ಎರಡು ಸ್ಪೀಕರ್‌ಗಳನ್ನು ಎರಡು ಮೀಟರ್ ಅಂತರದಲ್ಲಿಟ್ಟು ಎದುರಿಗೆ ಕುಳಿತೆ. ಇಲ್ಲಿ ಒಂದು ವಿಷಯ ವಿವರಿಸಬೇಕು. ಎರಡು ಸ್ಪೀಕರ್‌ಗಳಿಂದ ಒಂದೇ ಧ್ವನಿ ಸಮನಾಗಿ ಬಂದರೆ, ಕಿವಿಗೆ ಅದು ಎಡದಿಂದಲೂ ಬರುವುದಿಲ್ಲ, ಬಲದಿಂದಲೂ ಬರುವುದಿಲ್ಲ. ಎರಡರ ನಡುವಿನ ಖಾಲಿ ಜಾಗದಿಂದ ಬರುತ್ತದೆ. ಇದನ್ನು ಫ್ಯಾಂಟಮ್ ಇಮೇಜ್ ಎನ್ನುತ್ತಾರೆ. ಪುಸ್ತಕಗಳಲ್ಲಿ ಇರುವ ಹೆಸರೇ ಅದು, ತಮಾಷೆಗೆ ಇಟ್ಟದ್ದಲ್ಲ.

ಮೊದಲು ಬಟ್ಟೆಯ ಸರಬರ ಸದ್ದು. ಆಮೇಲೆ ಏನೂ ಇಲ್ಲದ ಆ ಜಾಗದಿಂದ, ಕುಳಿತ ಹೆಂಗಸಿನ ತಲೆಯ ಎತ್ತರದಿಂದ, ದನಿ ಬಂತು.

“ಬಂದ್ಯಾ ಮಾನು? ಬೂಟ್ ಕಳದಿ?”

ಮೂರು ಸೆಕೆಂಡ್ ಮೌನ.

“ಹಂಗ ಒಳಗ ಬರಬ್ಯಾಡ. ಕಳದ ಬಾ.”

ನಾನು ನನ್ನ ಕಾಲು ನೋಡಿಕೊಂಡೆ. ಬೂಟು ಹಾಕಿಕೊಂಡೇ ಕುಳಿತಿದ್ದೆ.

ರೆಕಾರ್ಡಿಂಗ್ ಪೂರ್ತಿ ಹೀಗೆಯೇ ಇತ್ತು. ಪ್ರಶ್ನೆ ಕೇಳಿ, ಮಗಳ ಉತ್ತರಕ್ಕೆ ಜಾಗ ಬಿಟ್ಟು, ಆ ಉತ್ತರವನ್ನು ಕೇಳಿಸಿಕೊಂಡವರಂತೆ ಮುಂದುವರಿಯುತ್ತಿದ್ದರು. ನಿಲುಗಡೆಗಳು ಎಷ್ಟು ಸರಿಯಾಗಿದ್ದವೆಂದರೆ, ಎರಡು ಸಲ ನನ್ನ ಬಾಯಿ ತೆರೆದದ್ದು ನನಗೇ ಆಮೇಲೆ ಗೊತ್ತಾಯಿತು. ಕೊನೆಯಲ್ಲಿ, ಮಾತು ಮುಗಿದ ಮೇಲೂ, ಹನ್ನೊಂದು ಸೆಕೆಂಡ್ ಉಳಿದಿತ್ತು. ಅದರಲ್ಲಿ ಉಸಿರಾಟ ಬಿಟ್ಟರೆ ಬೇರೇನೂ ಇರಲಿಲ್ಲ.

ಅಲ್ಲಲ್ಲಿ ಅವರ ‘ಮ’ ಮತ್ತು ‘ನ’ ಕೊಂಚ ಮೊಂಡಾಗಿ ಕೇಳಿಸಿತು. ನನ್ನ ಕಿವಿ ಮೈಸೂರಿನದು. ಆ ಕಡೆಯವರ ಮಾತಿನ ಧಾಟಿಯೇ ಹಾಗಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ. ಅದನ್ನು ಮಾಡಲು ನನಗೆ ಅರ್ಧ ಸೆಕೆಂಡ್ ಕೂಡ ಹಿಡಿಯಲಿಲ್ಲ.

ಮರುದಿನ, ಪರೀಕ್ಷೆಗೆಂದು ಹೊರಗಿನಿಂದ ಬರುವ ನಮ್ಮ ಕೇಳುಗರ ತಂಡದ ಐವರಿಗೆ, ಏನು ಎತ್ತ ಎಂದು ಹೇಳದೆ, ಒಂದು ನಿಮಿಷದ ತುಣುಕನ್ನು ಕೇಳಿಸಿದೆ. ಅವರಾರಿಗೂ ಕನ್ನಡ ಬರುವುದಿಲ್ಲ. ಧ್ವನಿಗೆ ಹೊಂದುವ ಪದಗಳನ್ನು ಚೀಟಿಯಲ್ಲಿ ಬರೆಯಬೇಕು. ಸಹಜ, ಹತ್ತಿರ, ಮೃದು ಎಂದೆಲ್ಲ ಬರೆದರು. ಕೋಲ್ಡ್ ಎಂದು ಯಾರೂ ಬರೆಯಲಿಲ್ಲ. ಒಬ್ಬಾಕೆ ಮಾತ್ರ ಧ್ವನಿಯ ಬಗ್ಗೆ ಏನೂ ಬರೆಯದೆ ‘ಕಾಯುತ್ತಿದ್ದಾರೆ’ ಎಂದಷ್ಟೇ ಬರೆದು ಚೀಟಿ ಮಡಿಚಿ ಕೊಟ್ಟಳು.

ಆದರೂ ನನ್ನ ಪಟ್ಟಿಯಲ್ಲಿ ಕೋಲ್ಡ್‌ನ ಎದುರಿಗೆ ಅಂಕಿ ಇತ್ತಲ್ಲ. ಅವರ ಕೋಣೆಯಲ್ಲಿ ಆ ಭಾಗ ಸೊರಗಿರಬಹುದು ಎಂದು ಊಹಿಸಿದೆ. ನಮ್ಮ ಸ್ಪೀಕರನ್ನು ಆ್ಯಪ್ ಮೂಲಕ ದೂರದಿಂದಲೇ ಹೊಂದಿಸಬಹುದು. ಪ್ರಮೋದ್ ಅವರ ಒಪ್ಪಿಗೆ ಪಡೆದು, ಇನ್ನೂರು ಹರ್ಟ್ಜ್ ಸುತ್ತ ಮೂರು ಡೆಸಿಬೆಲ್ ಏರಿಸಿದೆ. ವಾರ್ಮ್ ಮಾಡಿದೆ.

ಎರಡು ದಿನ ಬಿಟ್ಟು ಅವರ ಫೋನ್ ಬಂತು. ಸಂಜೆ ನಾಲ್ಕೂಕಾಲು.

“ಮೇಡಂ, ಏನ್ ಮಾಡಿದ್ರಿ ನೀವು?”

“ಯಾಕೆ ಸರ್, ಏನಾಯ್ತು?”

“ಅಮ್ಮ ಹತ್ರ ಬಂದಾಳ ಅಂತಾಳ್ರಿ. ‘ಶೀ ಕೇಮ್ ಕ್ಲೋಸರ್, ಬಟ್ ಸ್ಟಿಲ್ ಕೋಲ್ಡ್’ ಅಂತ ಹೇಳಿ ಗ್ಯಾರೇಜಿನ್ಯಾಗ ಹೋಗಿ ಕೂತಾಳ. ಹೊರಗ ಬಾ ಅಂದ್ರ ಬರವಲ್ಲಳು.”

ಹತ್ತಿರ ಬಂದಂತೆ ಕೇಳಿಸಿದ್ದಕ್ಕೆ ಕಾರಣವಿದೆ. ತಗ್ಗಿನ ಭಾಗ ಏರಿದರೆ, ಬಾಯಿ ಕಿವಿಯ ಹತ್ತಿರ ಬಂದಂತೆ ಅನಿಸುತ್ತದೆ. ಅಷ್ಟನ್ನು ನಾನು ಅವರಿಗೆ ವಿವರಿಸಬಲ್ಲವಳಾಗಿದ್ದೆ. ಆದರೆ ಕೋಲ್ಡ್ ಯಾಕೆ ಹಾಗೇ ಉಳಿಯಿತು ಎಂಬುದಕ್ಕೆ ನನ್ನಲ್ಲಿ ವಿವರಣೆ ಇರಲಿಲ್ಲ. ಕ್ಷಮೆ ಕೇಳಿ, ಏರಿಸಿದ್ದನ್ನು ಇಳಿಸಿದೆ. ಆ ಕಡೆಯ ಭಾನುವಾರದ ಹಿಂದಿನ ಶುಕ್ರವಾರ ಹೇಗೂ ಮೆಲ್ಬರ್ನಿನ ಒಂದು ಅಂಗಡಿಯಲ್ಲಿ ಡೆಮೊ ಇತ್ತು. ಒಂದು ದಿನ ಮುಂಚೆ ಹೊರಟೆ.

ಗುರುವಾರ ಮಧ್ಯಾಹ್ನ ಸಿಟಿಯಿಂದ ರೈಲು ಹಿಡಿದು ವಿಂಡಮ್ ವೇಲ್‌ನಲ್ಲಿ ಇಳಿದೆ. ಪ್ರಮೋದ್ ಕಾರಿನಲ್ಲಿ ಕಾಯುತ್ತಿದ್ದರು. ನಲವತ್ತರ ಆಸುಪಾಸಿನ, ಎತ್ತರದ, ಎರಡು ದಿನದ ಗಡ್ಡ ಬಿಟ್ಟ ಮನುಷ್ಯ. ಅವರ ಹೊಸ ಬಡಾವಣೆಯಲ್ಲಿ ಅರ್ಧ ಮನೆಗಳು ಎದ್ದಿದ್ದವು, ಅರ್ಧ ಸೈಟುಗಳಲ್ಲಿ ಇನ್ನೂ ಹುಲ್ಲು. ರಸ್ತೆಯಲ್ಲಿ ಜನರಿರಲಿಲ್ಲ. ಬಯಲಿನ ಗಾಳಿ ಬೇಲಿಯ ತಗಡಿನ ಸಂದಿಯಲ್ಲಿ ಒಂದೇ ಸ್ವರ ಹಿಡಿದು ಊದುತ್ತಿತ್ತು. ಸುಮಾರು ನಾನೂರು ಹರ್ಟ್ಜ್ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು.

ಸ್ಪೀಕರ್‌ಗಳು ಮುಂದಿನ ಲೌಂಜಿನಲ್ಲಿ, ಸ್ಟ್ಯಾಂಡ್‌ಗಳ ಮೇಲಿದ್ದವು. ಅವುಗಳ ನಡುವೆ ಎರಡು ಮೀಟರ್ ಖಾಲಿ ಕಾರ್ಪೆಟ್. ಮೈಕ್ ನಿಲ್ಲಿಸಲು ಬಗ್ಗಿದಾಗ, ಆ ಖಾಲಿ ಜಾಗದಲ್ಲಿ ಚೌಕಾಕಾರವಾಗಿ ನಾಲ್ಕು ಗುಳಿಗಳು ಕಂಡವು. ಭಾರದ ವಸ್ತುವೊಂದು ಬಹುಕಾಲ ನಿಂತ ಗುರುತು.

“ಆಸ್ಪತ್ರೆಯವ್ರ ಕೊಟ್ಟ ಆರಾಮಕುರ್ಚಿ ಅಲ್ಲೇ ಇತ್ತು” ಎಂದರು ಪ್ರಮೋದ್. “ವಾಪಸ್ ಒಯ್ದ್ರು. ಆ ಜಾಗಾ ಖಾಲಿ ಅದಲಾ ಅಂತ ಎರಡೂ ಕಡೆ ಸ್ಪೀಕರ್ ಇಟ್ಟೆ. ಏನ್ ಮಾಡ್ಲಿಕತ್ತೇನಿ ಅನ್ನೂದ ಆವಾಗ ಹೊಳೀಲಿಲ್ರಿ.”

ನಾಲ್ಕು ಗುಳಿಗಳ ಸರಿಯಾದ ನಡುವೆ ಒಂದು ಗಂಟು ಇತ್ತು. ಬಿಳಿ ಕರವಸ್ತ್ರದ ತುದಿಯಲ್ಲಿ ಏನನ್ನೋ ಇಟ್ಟು, ಬಿಗಿಯಾಗಿ ದಾರ ಸುತ್ತಿ ಕಟ್ಟಿದ್ದು. ನಾನು ಕೈ ಚಾಚಿದೆ.

“ಮುಟ್ಟಬ್ಯಾಡ್ರಿ” ಎಂದರು.

ಅವರ ಮುಖ ನೋಡಿದೆ. ಸೇತುವೆಗಳ ಲೆಕ್ಕ ಹಾಕುವ ಎಂಜಿನಿಯರ್ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು. ದನಿ ತಗ್ಗಿಸಿ ಹೇಳಿದರು: “ಇದು ನಾಕನೇದು. ಮೂರ ಸಲ ಎತ್ತಿ ಹೊರಗ ಚೆಲ್ಲೇನಿ. ಮತ್ತ ಬರ್ತದ, ಅದ ಜಾಗಾದಾಗ. ಮೇಲ್‌ನಾಗ ಇದನ್ನ ಹೆಂಗ ಬರೀಲಿ? ನಿಮ್ಮ ಕಂಪನಿಯವ್ರ ನಗ್ತಾರ. ನಮ್ಮತ್ತಿಗೆ ಹೇಳಿದ್ರ, ಯಾರೋ ಮಾಟ ಮಾಡಸ್ಯಾರ ಅಂದ್ಲು.”

“ಮಗಳನ್ನ ಕೇಳಿದ್ರಾ ಸರ್?”

“ಕೇಳಿ ಆಕೀನ್ನ ಇನ್ನೂ ಹೆದರಸ್ಲಿ?”

ಆ ಗಂಟನ್ನು ಬಿಟ್ಟು, ಅದರ ಪಕ್ಕದಲ್ಲೇ ಮೈಕ್ ನಿಲ್ಲಿಸಿ ಅಳತೆ ತೆಗೆದೆ. ಅರ್ಧ ಗಂಟೆಯ ಕೆಲಸ. ಸ್ಪೀಕರ್‌ಗಳಲ್ಲಿ ದೋಷವಿರಲಿಲ್ಲ. ಕೋಣೆಯಲ್ಲೂ ಇರಲಿಲ್ಲ. ಇನ್ನೂರು ಹರ್ಟ್ಜಿನ ಸುತ್ತ ಗೆರೆ ನೆಟ್ಟಗಿತ್ತು. ಯಾವ ಅಂಕಿಯೂ ಕೋಲ್ಡ್ ಆಗಿರಲಿಲ್ಲ. ಲ್ಯಾಪ್‌ಟಾಪ್ ಮುಂದೆ ಬಗ್ಗಿದ್ದಾಗ ಒಂದು ವಾಸನೆ ಮೂಗಿಗೆ ಬಂತು. ಪರಿಚಿತ, ಘಾಟು, ಆದರೆ ಹೆಸರು ನೆನಪಾಗಲಿಲ್ಲ.

ಮೂರೂವರೆಗೆ ಮಾನ್ಯಾ ಬಂದಳು. ಎರಡು ಜಡೆ, ಶಾಲೆಯ ನೀಲಿ ಸ್ವೆಟರ್. ಬಾಗಿಲಲ್ಲಿ ಬೂಟು ಕಳಚಿ, ಜೋಡಿಸಿ ಇಟ್ಟಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಈ ಆಂಟಿ ಸ್ಪೀಕರ್ ನೋಡ್ಲಿಕ್ಕೆ ಸಿಡ್ನಿಯಿಂದ ಬಂದಾರ” ಎಂದರು ಅಪ್ಪ.

“ನಮಸ್ತೆ ಮಾನ್ಯಾ. ಶಾಲೆ ಹೇಗಿತ್ತು?” ಎಂದೆ.

ಅವಳು ಅಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ಇವರು ಶನಿವಾರದ ಕನ್ನಡ ಕ್ಲಾಸ್ ಟೀಚರ್ ಥರ ಮಾತಾಡ್ತಾರೆ” ಎಂದಳು. ಪ್ರಮೋದ್ ನಕ್ಕರು. ಆ ಮನೆಯಲ್ಲಿ ನಗುವಿನ ಸದ್ದು ಅದೇ ಮೊದಲು ಕೇಳಿದ್ದು.

ನಾಲ್ಕು ಗಂಟೆಗೆ ಅವಳು ಲೌಂಜಿನ ಹೊಸ್ತಿಲ ಹತ್ತಿರ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬಂತೆ, ಕುಳಿತಳು. ನಾನು ಅವಳ ಪಕ್ಕ ನೆಲದ ಮೇಲೆ ಕುಳಿತೆ. ಆ ದಿನದ ಸರದಿ ಎರಡನೆಯ ರೆಕಾರ್ಡಿಂಗ್. ಪ್ರಮೋದ್ ಫೋನ್ ಒತ್ತಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಕಿಟಕಿಯಿಂದ ಇಳಿಬಿಸಿಲು ನಾಲ್ಕು ಗುಳಿಗಳ ಮೇಲೆ ಬಿದ್ದಿತ್ತು. ಅಲ್ಲಿಂದ ದನಿ ಬಂತು.

“ಮಾನು, ಶಾಲಿಯೊಳಗ ಏನಾತು ಇವತ್ತ?”

“ನಥಿಂಗ್” ಎಂದಳು ಮಾನ್ಯಾ.

“ಏನೂ ಇಲ್ಲ ಅನಬ್ಯಾಡ. ನಿನ್ನ ಮಾರಿ ನೋಡಿದ್ರ ಗೊತ್ತಾಗ್ತದ.”

ಅವಳ ತುಟಿಯಲ್ಲಿ ನಗು ಬಂದು ಹೋಯಿತು. ಹುಡುಗಿಗೆ ಈ ರೆಕಾರ್ಡಿಂಗಿನ ಹೆದರಿಕೆ ಇರಲಿಲ್ಲ. ಪೂರ್ತಿ ಕೇಳಿದಳು, ಬಿಟ್ಟ ಜಾಗಗಳಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಮುಗಿದ ಮೇಲೆ ನಾನು ಕೇಳಿದೆ: “ಇದು ಕೋಲ್ಡ್ ಅಲ್ವಾ?”

“ನೋ. ಇದು ಸರಿ ಇದೆ. ನಾಲ್ಕು, ಏಳು, ಒಂಬತ್ತು, ಹದಿಮೂರು” ಎಂದು ಇಂಗ್ಲಿಷಿನಲ್ಲೇ ಹೇಳಿದಳು, ಮಗ್ಗಿ ಒಪ್ಪಿಸುವಂತೆ. “ಅದರಲ್ಲಿ ಅಮ್ಮ ನನ್ನ ಹೆಸರು ತಪ್ಪು ಹೇಳ್ತಾಳೆ.”

“ತಪ್ಪು ಅಂದ್ರೆ ಹೇಗೆ?”

ಅವಳು ಎರಡು ಬೆರಳಿನಿಂದ ಮೂಗು ಹಿಡಿದುಕೊಂಡಳು. “ಬಾದು” ಎಂದಳು.

ವಾಸನೆಯ ಹೆಸರು ಆ ಕ್ಷಣಕ್ಕೆ ನೆನಪಾಯಿತು. ಓಂಕಾಳು. ನೆಗಡಿಯಾದಾಗ ಬೆಚ್ಚಗೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಮೂಗಿಗೆ ಹಿಡಿಯಲು ಕೊಡುತ್ತಾರಲ್ಲ, ಆ ಓಂಕಾಳು.

ನಮ್ಮ ಮನೆಗಳಲ್ಲಿ ಯಾರೂ ನೆಗಡಿ ಬಂತು ಎನ್ನುವುದಿಲ್ಲ ಈಗ. ಕೋಲ್ಡ್ ಆಗಿದೆ ಎನ್ನುತ್ತೇವೆ. ದಿನಕ್ಕೆ ಹತ್ತು ಸಲ ನಾನೇ ಆಡುವ, ಕೇಳುವ ಮಾತು. ಹುಡುಗಿ ತನ್ನ ಅಮ್ಮನ ಕನ್ನಡದಿಂದಲೇ ಆ ಪದ ತೆಗೆದುಕೊಂಡಿದ್ದಳು. ಅಪ್ಪ ಅದನ್ನು ಇಂಗ್ಲಿಷಿಗೆ ಹಾಕಿ ಬರೆದರು. ನಾನು ನನ್ನ ಪಟ್ಟಿಯಲ್ಲಿ ಹುಡುಕಿ ಇನ್ನೂರು ಹರ್ಟ್ಜ್ ಎಂದು ಓದಿದೆ.

“ಆ ಗಂಟು ನೀನೇ ಇಟ್ಟದ್ದಾ?”

ಹೌದೆಂದು ತಲೆ ಆಡಿಸಿದಳು. “ಅಮ್ಮ ನನಗೆ ಹಾಗೇ ಮಾಡ್ತಿದ್ಲು. ದಿಂಬಿನ ಪಕ್ಕ. ಇಟ್ಟರೂ ಅಮ್ಮನಿಗೆ ವಾಸಿ ಆಗ್ತಿಲ್ಲ.” ಆಮೇಲೆ ಅಡುಗೆಮನೆಯ ಕಡೆ ನೋಡಿ, “ಮತ್ತೆ ಯಾರೋ ತೆಗೆದು ಬಿಸಾಡ್ತಾರೆ” ಎಂದಳು.

ಅವಳ ಹೆದರಿಕೆ ಏನೆಂದು ಆಗ ಅರ್ಥವಾಯಿತು. ಅಮ್ಮ ಅಲ್ಲಿದ್ದಾಳೆ ಎಂಬ ಹೆದರಿಕೆ ಅವಳಿಗೆ ಇರಲೇ ಇಲ್ಲ. ಅಲ್ಲಿರುವ ಅಮ್ಮನಿಗೆ ಹುಷಾರಿಲ್ಲ, ಯಾರೂ ನೋಡಿಕೊಳ್ಳುತ್ತಿಲ್ಲ ಎಂಬುದು ಅವಳ ಹೆದರಿಕೆ.

ಪ್ರಮೋದ್ ಬಾಗಿಲಲ್ಲೇ ಗೋಡೆಗೆ ಒರಗಿದರು. “ಕೋಲ್ಡ್ ಅಂದಾಗ ನನಗ ಆಸ್ಪತ್ರಿಯೊಳಗ ಆಕಿ ಕೈ ಹಿಡದದ್ದ ನೆನಪಾತ್ರಿ” ಎಂದರು. “ಮುಂದ ಕೇಳ್ಲಿಲ್ಲ ನಾ.”

ಒಂಬತ್ತನೆಯದನ್ನು ಹಾಕಿಸಿದೆ. ಈ ಸಲ ಧಾಟಿ ಎಂದು ಬಿಡದೆ, ಅಕ್ಷರ ಅಕ್ಷರ ಕೇಳಿದೆ. ‘ಮ್’ ಎಂದು ತುಟಿ ಮುಚ್ಚಿ ಗುನುಗಿ ನೋಡಿ. ನಡುವೆ ಮೂಗು ಹಿಡಿಯಿರಿ. ಗುನುಗು ನಿಂತುಬಿಡುತ್ತದೆ. ಆ ಗುನುಗು ಮೂಗಿನಿಂದ ಬರುವುದು, ಅದರ ಬಹುಪಾಲು ಮುನ್ನೂರು ಹರ್ಟ್ಜಿಗಿಂತ ಕೆಳಗೆ. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಆದ್ದರಿಂದ ಫೋನಿನಲ್ಲಿ ಎಲ್ಲ ದಿನದ ‘ಮ’ವೂ ಒಂದೇ ಥರ. ನಮ್ಮ ಸ್ಪೀಕರಿನಲ್ಲಿ ಉಳಿದ ಹತ್ತು ದಿನದ ಗುನುಗು ತುಂಬಿ ಬಂತು, ನಾಲ್ಕು ದಿನದ್ದು ಬರಲಿಲ್ಲ. ಇಲ್ಲದ್ದನ್ನು ನಾನು ಮೂರು ಡೆಸಿಬೆಲ್ ಏರಿಸಿ ಪ್ರಯೋಜನವೂ ಇರಲಿಲ್ಲ. ಯಾವ ಸ್ಪೀಕರಿಗೂ ‘ಮ’ವನ್ನು ‘ಬ’ ಮಾಡುವ ಶಕ್ತಿಯಿಲ್ಲ. ಮಾತಾಡುವಾಗಲೇ ಶೈಲಾ ಅವರ ಮೂಗು ಕಟ್ಟಿತ್ತು.

“ಸರ್, ಆ ನಾಲ್ಕು ದಿನ ಅವ್ರಿಗೆ ನೆಗಡಿ ಇತ್ತಾ?”

ಪ್ರಮೋದ್ ಫೋನಿನಲ್ಲಿ ಫೈಲುಗಳ ದಿನಾಂಕ ತೆಗೆದರು. ನಾಲ್ಕನೆಯದು ನೋಡಿದರು. ಏಳನೆಯದು ನೋಡಿದರು. ಆಮೇಲೆ ಹೆಬ್ಬೆರಳು ಪರದೆಯ ಮೇಲೆ ನಿಂತುಬಿಟ್ಟಿತು.

“ಇದು ಸ್ಕ್ಯಾನ್ ರಿಪೋರ್ಟ್ ಬಂದ ದಿವ್ಸ” ಎಂದರು. “ಇದು... ಇನ್ನ ಔಷಧ ಬ್ಯಾಡ ಅಂತ ಡಾಕ್ಟರ್ ಹೇಳಿದ ದಿವ್ಸ. ನಾನ ಕಾರಿನ್ಯಾಗ ಕರ್ಕೊಂಡ ಬಂದೆ. ದಾರ್ಯಾಗ ವೆರಿಬೀ ಪ್ಯಾಟಿಯೊಳಗ ನಿಲ್ಸು ಅಂದ್ಲು. ಮೆಂತ್ಯಾ ಪಲ್ಯಾ ತಗೊಂಡ್ಲು. ಅಂಗಡಿಯಾಂವನ ಕೂಡ ಚೌಕಾಶಿ ಮಾಡಿ ನಕ್ಕೋತ ಬಂದ್ಲು. ಮನಿಗೆ ಬಿಟ್ಟು ನಾ ಆಫೀಸಿಗೆ ಹೋದೆ.”

ಸ್ಪೀಕರಿನಲ್ಲಿ ಒಂಬತ್ತನೆಯದು ಇನ್ನೂ ಓಡುತ್ತಿತ್ತು. ಮಾತು ಮುಗಿದು, ಕೊನೆಯ ಹನ್ನೊಂದು ಸೆಕೆಂಡಿನ ಉಸಿರು ಖಾಲಿ ಕಾರ್ಪೆಟ್ಟಿನ ಮೇಲೆ ಏರಿಳಿದು ನಿಂತಿತು.

ಮಾನ್ಯಾ ನನ್ನ ತೋಳು ಜಗ್ಗಿದಳು. “ಆಂಟಿ, ಕ್ಯಾನ್ ಯೂ ಫಿಕ್ಸ್ ಇಟ್?”

ಮಾಡಬಹುದಿತ್ತು. ಒಳ್ಳೆಯ ದಿನಗಳ ‘ಮ’, ‘ನ’ಗಳನ್ನು ಕತ್ತರಿಸಿ ಈ ದಿನಗಳ ಮಾತಿಗೆ ಹೊಲಿಯಬಹುದು. ಎರಡು ದಿನದ ಕೆಲಸ. ಯಾರಿಗೂ ತಿಳಿಯುತ್ತಿರಲಿಲ್ಲ.

“ಕೇಳಿಸದ ಹಾಗೆ ಮಾಡಬಹುದು ಪುಟ್ಟ” ಎಂದೆ.

ಅವಳು ಯೋಚಿಸಿದಳು. “ಬಟ್ ಅಮ್ಮನಿಗೆ ಅದು ಇದ್ದೇ ಇರುತ್ತಾ?”

ನಾನು ನನ್ನ ವೃತ್ತಿಯಲ್ಲಿ ಎದುರಿಸಿದ ಅತ್ಯಂತ ನಿಖರವಾದ ಪ್ರಶ್ನೆ ಅದು. “ಹೌದು. ಇದ್ದೇ ಇರುತ್ತೆ” ಎಂದೆ.

ಪ್ರಮೋದ್ ಬಂದು ಮಗಳ ಎದುರು ಕಾರ್ಪೆಟ್ಟಿನ ಮೇಲೆ ಕುಳಿತರು. “ಮಾನು, ಇಲ್ಲಿ ಕೇಳು. ಅಮ್ಮಗ ಕೋಲ್ಡ್ ಆಗಿದ್ದಿಲ್ಲ. ಅತ್ತಿದ್ಲು. ಅತ್ತ ಮ್ಯಾಲೆ ಮೂಗು ಕಟ್ತದಲಾ, ಅದು.”

“ಆದ್ರ ‘ನನಗ ಕೋಲ್ಡ್ ಆಗೇದ’ ಅಂದಿದ್ಲು.”

ಅಷ್ಟು ಹೊತ್ತೂ ಇಂಗ್ಲಿಷಿನಲ್ಲೇ ಮಾತಾಡಿದ್ದ ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ಅಚ್ಚ ಧಾರವಾಡದ್ದು.

“ಹೂಂ. ನೀ ಹೆದರಬಾರ್ದಂತ ಹೇಳಿದ್ಲು. ನಿನಗೂ ಸುಳ್ಳ ಹೇಳಿದ್ಲು, ನನಗೂ ಹೇಳಿದ್ಲು.”

ಆ ‘ನನಗೂ’ ಸರಿಯಾಗಿ ಬರಲಿಲ್ಲ. ಎರಡು ‘ನ’ಗಳೂ ‘ದ’ ಆಗಿ ಬಂದವು. ಮಾನ್ಯಾ ತಲೆ ಎತ್ತಿ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಎದ್ದು ಸ್ಪೀಕರ್‌ಗಳ ನಡುವೆ ಹೋದಳು. ಅಲ್ಲಿ ಕಾಲಿಡಲು ಹೆದರುತ್ತಾಳೆ ಎಂದು ಅಪ್ಪ ಹೇಳಿದ್ದ ಹುಡುಗಿಯಂತೆ ಕಾಣಲಿಲ್ಲ. ನಾಲ್ಕು ಗುಳಿಗಳ ನಡುವಿನಿಂದ ಗಂಟು ಎತ್ತಿಕೊಂಡು ಬಂದು, ಅಪ್ಪನ ಅಂಗೈ ಬಿಡಿಸಿ ಅದರಲ್ಲಿಟ್ಟು, ಬೆರಳು ಮಡಿಸಿದಳು.

“ಅಪ್ಪಾ ಕೋಲ್ಡ್” ಎಂದಳು.

ನಾನು ಮೈಕ್, ವೈರುಗಳನ್ನು ಸದ್ದಾಗದಂತೆ ಸುತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕುಳಿತೆ. ಬೇಲಿಯಲ್ಲಿ ಗಾಳಿ ಅದೇ ಸ್ವರ ಹಿಡಿದಿತ್ತು.

ಆ ಭಾನುವಾರ ಪ್ರಮೋದ್ ಏನನ್ನೂ ಅಳಿಸಲಿಲ್ಲ. ಸೋಮವಾರ ಒಂದು ಸಾಲಿನ ಮೆಸೇಜ್ ಬಂತು: ‘ನಾಕನೇದ ಕೇಳಿದ್ಲರಿ, ಪೂರ್ತಿ.’ ಕಂಪನಿಗೆ ಕೊಟ್ಟ ವರದಿಯಲ್ಲಿ ಸ್ಪೀಕರಿನಲ್ಲಿ ದೋಷವಿಲ್ಲ ಎಂದು ಬರೆದೆ. ಡೇವಿಡ್ ಓದಿ, “ಹಾಗಾದರೆ ದೂರು ಏನಿತ್ತು?” ಎಂದ. “ಸ್ಪೀಕರ್ ಚೆನ್ನಾಗಿತ್ತು, ಅದೇ ದೂರು” ಎಂದೆ. ಕೆಟ್ಟ ಸ್ಪೀಕರಿನಲ್ಲಿ ಏನು ಕೇಳಿದರೂ ನಾವು ಯಂತ್ರವನ್ನು ದೂರುತ್ತೇವೆ. ಒಳ್ಳೆಯದರಲ್ಲಿ ಯಂತ್ರ ಮರೆಯಾಗುತ್ತದೆ. ಕೇಳಿದ್ದೆಲ್ಲ ಆ ಮನುಷ್ಯರದ್ದೇ ಆಗುತ್ತದೆ.

ನನ್ನ ಪಟ್ಟಿ ಈಗಲೂ ಇದೆ, ಅಂಕಿಗಳೂ ಇವೆ. ಒಂದು ಹೊಸ ಕಾಲಮ್ ಸೇರಿಸಿದ್ದೇನೆ: ಪದವನ್ನು ಮೊದಲು ಯಾರು, ಯಾವ ಭಾಷೆಯಲ್ಲಿ, ಯಾರಿಂದ ಕಲಿತು ಹೇಳಿದರು. ಅದನ್ನು ತುಂಬದೆ ಯಾವ ಡೆಸಿಬೆಲ್ಲನ್ನೂ ಮುಟ್ಟುವುದಿಲ್ಲ.

ಒಂಬತ್ತನೆಯ ರೆಕಾರ್ಡಿಂಗಿನ ನನ್ನ ಪ್ರತಿಯನ್ನು ಮಾತು ಕೊಟ್ಟಂತೆ ಅಳಿಸಿದೆ. ಅಳಿಸುವ ಮೊದಲು ಒಂದು ಮಧ್ಯಾಹ್ನ ಕಿಟಕಿಯಿಲ್ಲದ ಆ ಕೋಣೆಯಲ್ಲಿ ಇನ್ನೊಮ್ಮೆ ಕೇಳಿದೆ. ಒಳಗೆ ಹೋಗುವಾಗ ಬೂಟುಗಳನ್ನು ಬಾಗಿಲಲ್ಲೇ ಕಳಚಿ, ಜೋಡಿಸಿ ಇಟ್ಟಿದ್ದೆ.